ಊದ್ ಅನ್ನು ಶ್ರುತಿ ಮಾಡಿದವರು

ನಮ್ಮ ಕನ್ನಡ ಸಂಘದ ಸಂಗೀತೋತ್ಸವಕ್ಕೆ ನಾನು ಈಗ ಹೋಗುವುದಿಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ ಆಸ್ಪತ್ರೆಯಲ್ಲಿ ಡ್ಯೂಟಿ ಇದೆ ಎಂದು ಹೇಳಿ ಹೇಳಿ ಸಾಕಾಗಿದೆ. ಡ್ಯೂಟಿಯೂ ಇಲ್ಲ, ಮಣ್ಣೂ ಇಲ್ಲ. ಇರುವುದು ಸಿಟ್ಟು. ಅದು ಇಳಿಯುತ್ತದೆ ಎಂದು ಕಾದೆ, ಇಳಿಯಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆಪರೇಷನ್ ಥಿಯೇಟರಿನಲ್ಲಿ ರೋಗಿಗಳಿಗೆ ಅರಿವಳಿಕೆ ಕೊಡುವುದು ನನ್ನ ಕೆಲಸ. ಮೈಸೂರಿನಲ್ಲಿ ಬೆಳೆಯುವಾಗ ವೀಣೆ ಕಲಿತಿದ್ದೆ. ಲಂಡನ್ನಿನ ಸ್ಟ್ಯಾನ್ಮೋರಿನ ಮನೆಯಲ್ಲಿ ಆ ವೀಣೆ ಈಗಲೂ ಇದೆ, ವಾರಕ್ಕೊಮ್ಮೆ ಧೂಳು ಒರೆಸಿಕೊಳ್ಳುತ್ತದೆ. ನಮ್ಮ ಥಿಯೇಟರಿನ ಆರ್ಮೇನಿಯನ್ ನರ್ಸ್ ಒಬ್ಬಳು ಒಂದು ಭಾನುವಾರ ತಮ್ಮ ಚರ್ಚಿನ ಊಟಕ್ಕೆ ನನ್ನನ್ನು ಕರೆದುಕೊಂಡು ಹೋದಳು. ಊಟವಾದ ಮೇಲೆ ಹಣ್ಣು ಹಣ್ಣು ಮುದುಕರೊಬ್ಬರು ಮೂಲೆಯ ಕುರ್ಚಿಯಲ್ಲಿ ಕೂತು ಊದ್ ಎಂಬ ಅರಬ್ ನಾಡುಗಳ ತಂತಿವಾದ್ಯ ತೆಗೆದರು. ಅರ್ಧ ಕುಂಬಳಕಾಯಿಯಂಥ ಹೊಟ್ಟೆ, ಗಿಡ್ಡ ಕತ್ತು, ಹಿಂದಕ್ಕೆ ಮಡಿಸಿಟ್ಟಂಥ ತಲೆ. ತಂತಿಗಳು ಜೋಡಿ ಜೋಡಿಯಾಗಿವೆ, ಕೆಳಸ್ಥಾಯಿಯ ಒಂದು ಮಾತ್ರ ಒಂಟಿ. ವೀಣೆಗಿರುವ ಹಾಗೆ ಮೆಟ್ಟಿಲುಗಳಿಲ್ಲ. ಬೆರಳು ಎಲ್ಲಿ ಇಳಿಯಬೇಕೆಂದು ಹೇಳಿಕೊಡುವ ಒಂದು ಗೆರೆಯೂ ಇಲ್ಲ.

ಅವರು ಆ ಒಂಟಿ ತಂತಿಯನ್ನು ಒಮ್ಮೆ ಮೀಟಿ ಸುಮ್ಮನಾದರು. ಆ ನಾದ ಎದೆಯ ಎತ್ತರದಲ್ಲಿ ನಿಂತು, ತನ್ನ ಪಾಡಿಗೆ ತಾನು ಸಣ್ಣಗಾಗಿ, ಹೋಯಿತು. ಅದು ಪೂರ್ತಿ ಹೋಗುವವರೆಗೆ ಅವರು ಎರಡನೆಯ ಸ್ವರ ಮುಟ್ಟಲಿಲ್ಲ. ನನಗೆ ಅಳು ಬಂತು. ನಾಚಿಕೆಯಾಗಿ ತಟ್ಟೆ ತೊಳೆಯಲು ಎದ್ದು ಹೋದೆ.

ಆಮೇಲೆ ಶನಿವಾರಗಳಂದು ಆಕ್ಟನ್ನಿನ ಅವರ ಫ್ಲ್ಯಾಟಿಗೆ ಹೋಗತೊಡಗಿದೆ. ನಾನು ಅವರನ್ನು ಮನಸ್ಸಿನಲ್ಲಿ ಮೇಷ್ಟ್ರು ಎಂದೇ ಕರೆಯುತ್ತಿದ್ದೆ. ಅವರು ಬೈರೂತಿನಲ್ಲಿ ಹುಟ್ಟಿ ಅಲ್ಲಿನ ಅಂತರ್ಯುದ್ಧದ ಕಾಲದಲ್ಲಿ ಲಂಡನ್ನಿಗೆ ಬಂದವರು, ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ. ಬಲಗೈಯಲ್ಲಿ ಕೊಂಬಿನಿಂದ ಮಾಡಿದ ಉದ್ದನೆಯ ತೆಳು ಕಡ್ಡಿ ಹಿಡಿದು, ಮಣಿಕಟ್ಟನ್ನು ಬಗ್ಗಿಸಿ, ಕೈಯ ಭಾರವನ್ನಷ್ಟೇ ತಂತಿಯ ಮೇಲೆ ಬೀಳಿಸುತ್ತಿದ್ದರು. ಅದು ಹೊಡೆತವಲ್ಲ, ಬೀಳುವುದು. ಬಿದ್ದ ಕಡ್ಡಿ ಪಕ್ಕದ ತಂತಿಯ ಮೇಲೆ ಹೋಗಿ ಒರಗುತ್ತಿತ್ತು. ನಾದಕ್ಕೆ ದುಂಡು ಬರುವುದು ಅಲ್ಲಿಂದ. ನಾನು ಮೀಟಿದರೆ ಡಬ್ಬಿ ತಟ್ಟಿದ ಸದ್ದು.

ತಮ್ಮವರೇ ಆದ ಹಳೆಯ ಆರ್ಮೇನಿಯನ್ ವಾದಕರ ರೆಕಾರ್ಡಿಂಗುಗಳನ್ನು ಹಾಕಿ ಕೇಳಿಸುತ್ತಿದ್ದರು. ಗರಗರ ಸದ್ದಿನ ನಡುವೆ ಸತ್ತು ಎಷ್ಟೋ ಕಾಲವಾದ ಯಾರೋ ಒಬ್ಬನ ಕೈ. ಒಂದು ಸ್ವರಕ್ಕೆ ಕೆಳಗಿನಿಂದ ಮೆಲ್ಲಗೆ ಬಂದು ಸೇರಿ, ಸೇರಿದ ಮೇಲೆ ಅಲ್ಲಾಡದೆ ನಿಲ್ಲುವುದು. ಮೇಷ್ಟ್ರು ಅಲ್ಲಿಗೆ ನಿಲ್ಲಿಸಿ, "ಕೇಳಿದೆಯಾ? ಇಲ್ಲಿ ಅವನು ಏನು ಬೇಕಾದರೂ ಮಾಡಬಹುದಿತ್ತು. ಮಾಡಲಿಲ್ಲ" ಎನ್ನುತ್ತಿದ್ದರು. ನನ್ನ ಬೆರಳು ವೀಣೆಯ ಅಭ್ಯಾಸಕ್ಕೆ ಪ್ರತಿ ಸ್ವರವನ್ನೂ ಎಳೆದಾಡುತ್ತಿತ್ತು. "ನಿನ್ನ ಎಡಗೈಗೆ ಮಾತು ಜಾಸ್ತಿ" ಎಂದು ನಗುತ್ತಿದ್ದರು. ಅವರ ಬಾಯಲ್ಲಿ ಅದನ್ನು ಕೇಳಲು ಖುಷಿಯಾಗುತ್ತಿತ್ತು.

ಅವರ ಬೆರಳಿನ ಗೆಣ್ಣುಗಳು ಊದಿಕೊಳ್ಳುತ್ತಿದ್ದವು. ಡಾಕ್ಟರಾದ ನನಗೆ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಗೊತ್ತಿತ್ತು, ಅವರಿಗೂ ಗೊತ್ತಿತ್ತು. "ಜನರ ಮುಂದೆ ಇನ್ನೊಂದೇ ಸಲ. ಆಮೇಲೆ ಸಾಕು" ಎಂದರು. ಆ ಒಂದು ಸಲ ನಮ್ಮ ಸಂಘದ ಉತ್ಸವದಲ್ಲೇ ಆಗಬೇಕೆಂದು ಹಟ ಹಿಡಿದವಳು ನಾನು. ನಮ್ಮ ಜನ ತಾಳವಿಲ್ಲದ ಆಲಾಪನೆಯನ್ನು ಕಣ್ಣು ಮುಚ್ಚಿ ಕೂತು ಕೇಳುತ್ತಾರೆ, ಒಂದು ಸ್ವರಕ್ಕಾಗಿ ಕಾಯುವುದು ಅವರಿಗೆ ಗೊತ್ತು ಎಂದು ಕೊಚ್ಚಿಕೊಂಡೆ. ಅವರು "ಹಾಗೆ ಕಾಯುವವರ ಮುಂದೆ ನುಡಿಸಿ ಬಹಳ ಕಾಲವಾಯಿತು" ಎಂದು ಒಪ್ಪಿಕೊಂಡರು.

ಹ್ಯಾರೋದ ಒಂದು ಶಾಲೆಯ ಹಾಲಿನಲ್ಲಿ ಉತ್ಸವ. ಬೆಳಿಗ್ಗೆಯೇ ಮೇಷ್ಟ್ರನ್ನು ಕಾರಿನಲ್ಲಿ ಕರೆತಂದೆ. ಪಕ್ಕದ ತರಗತಿಯಲ್ಲಿ ಕೂತು ನಿಧಾನವಾಗಿ ಶ್ರುತಿ ಮಾಡಿಕೊಂಡರು. ಆ ಕೋಣೆಯ ಬಿಸಿಗೆ ತಂತಿಗಳು ಹೊಂದಿಕೊಳ್ಳಲಿ ಎಂದು ಪೆಟ್ಟಿಗೆಯನ್ನು ತೆರೆದೇ ಇಟ್ಟರು. ನಾವು ಊಟಕ್ಕೆ ಹೋದೆವು. ಬಿಸಿಬೇಳೆಬಾತನ್ನು ಅವರು ಎರಡನೇ ಸಲ ಹಾಕಿಸಿಕೊಂಡರು.

ಅಷ್ಟರಲ್ಲಿ ನಮ್ಮ ಸಂಘದ ಅಧ್ಯಕ್ಷರು ಆ ಕೋಣೆಗೆ ಹೋಗಿದ್ದಾರೆ. ಅವರು ರಿಟೈರಾದ ಸರ್ಜನ್, ಬೆಂಗಳೂರಿನವರು. ಚೆನ್ನಾಗಿ ಹಾಡುತ್ತಾರೆ, ಕಿವಿಯೂ ಚುರುಕು. ಸರ್ಜನ್ನರನ್ನು ಜೀವಮಾನವಿಡೀ ನೋಡಿದವಳು ನಾನು. ಏನಾದರೂ ತೆರೆದಿರುವುದು ಕಂಡರೆ ಅವರಿಗೆ ಕೈ ಹಾಕದೆ ಇರಲಾಗುವುದಿಲ್ಲ. ಊದ್ ಅನ್ನು ಒಮ್ಮೆ ಮೀಟಿ ನೋಡಿದ್ದಾರೆ. ಅದರ ತಂತಿಗಳು ಬಹುಮಟ್ಟಿಗೆ ಒಂದಕ್ಕೊಂದು ಷಡ್ಜ-ಮಧ್ಯಮದ ಅಂತರದಲ್ಲಿರುತ್ತವೆ, ಅದು ಅದರ ಪದ್ಧತಿ. ವೀಣೆಯಲ್ಲಿರುವಂಥ ಷಡ್ಜ ಪಂಚಮ ಇವರಿಗೆ ಸಿಗಲಿಲ್ಲ. ಪಾಪ, ಯಾರೋ ವಯಸ್ಸಾದವರು, ಶ್ರುತಿ ಇಳಿದುಹೋಗಿದೆ ಎಂದುಕೊಂಡು, ಫೋನಿನಲ್ಲಿ ತಂಬೂರಿ ಹಾಕಿಕೊಂಡು, ಒಂದೊಂದೇ ಬಿರಡೆ ತಿರುಗಿಸಿ ಇಡೀ ವಾದ್ಯವನ್ನು ನಮ್ಮ ವೀಣೆಯ ಹಾಗೆ ಶ್ರುತಿ ಮಾಡಿಟ್ಟಿದ್ದಾರೆ.

ಮೇಷ್ಟ್ರು ವೇದಿಕೆಯ ಮೇಲೆ ಮೊದಲ ಸಲ ಮೀಟಿದಾಗಲೇ ಅವರ ಮುಖ ನೋಡಿದೆ. ಕೈ ತಂತಿಯ ಮೇಲೆಯೇ ನಿಂತಿತು. ಮುಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದ ಅಧ್ಯಕ್ಷರು ಬಗ್ಗಿ, "ನಾನೇ ಸರಿ ಮಾಡಿಟ್ಟೆ ಕಣಮ್ಮ. ಪೂರ್ತಿ ಔಟ್ ಆಗಿತ್ತು. ಈಗ ಒಂದೂವರೆ ಮನೆ ಶ್ರುತಿಗೆ ಪಕ್ಕಾ ಕೂತಿದೆ" ಎಂದರು.

"ಸಾರ್, ಅದು ಅವರ ವಾದ್ಯ."

ಅವರಿಗೆ ಅದು ಕೃತಜ್ಞತೆಯಾಗಿ ಕೇಳಿಸಿತು. "ಅಯ್ಯೋ, ಅದಕ್ಯಾಕೆ ಥ್ಯಾಂಕ್ಸು. ಇಷ್ಟೂ ಮಾಡದೆ ಇದ್ರೆ ಹೇಗೆ?"

ನನ್ನ ಮೈಯೆಲ್ಲ ಉರಿದುಹೋಯಿತು. ವೀಣೆಗೆ ಅಪ್ಪಿತಪ್ಪಿ ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವ ಜನ ನಾವು. ಇನ್ನೊಬ್ಬರ ವೀಣೆಯ ಬಿರಡೆಗೆ ಈ ಮನುಷ್ಯ ಕೇಳದೆ ಕೈ ಹಾಕುತ್ತಿದ್ದರೇ? ಸಾಧ್ಯವೇ ಇಲ್ಲ. ನಮ್ಮದು ಮಾತ್ರ ದೇವರು, ಮಿಕ್ಕವರದ್ದು ರಿಪೇರಿಗೆ ಬಂದ ಸಾಮಾನು.

ಮೇಷ್ಟ್ರು ಬಿರಡೆಗಳನ್ನು ಒಂದೊಂದಾಗಿ ಹಿಂದಕ್ಕೆ ತಂದರು. ಬಿಗಿಯಾಗಿ ಎಳೆಸಿಕೊಂಡ ತಂತಿ ಮತ್ತೆ ನಂಬಿಕೆಗೆ ಬರಲು ಗಂಟೆಗಟ್ಟಲೆ ಬೇಕು. ನಿರೂಪಕಿ ಆಗಲೇ ಗಡಿಯಾರ ನೋಡುತ್ತಿದ್ದಳು, ಮುಂದಿನ ಡ್ಯಾನ್ಸಿನ ಮಕ್ಕಳು ಗೆಜ್ಜೆ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದವು. ಮೇಷ್ಟ್ರು ಶುರು ಮಾಡಿಬಿಟ್ಟರು.

ಆಮೇಲೆ ನಾನು ನೋಡಿದ್ದನ್ನು ಆ ಹಾಲಿನಲ್ಲಿ ಬೇರೆ ಯಾರೂ ನೋಡಲಿಲ್ಲ. ತಂತಿಗಳು ಜಾರುತ್ತಿದ್ದವು. ಅವರ ಎಡಗೈ ಆ ಜಾರಿಕೆಯ ಜೊತೆಗೇ ಸರಿಯುತ್ತಿತ್ತು. ಒಂದು ಕ್ಷಣದ ಹಿಂದೆ ಸ್ವರವಿದ್ದ ಜಾಗದಲ್ಲಿ ಈಗ ಅದು ಇಲ್ಲ, ಬೆರಳು ಆಗಲೇ ಹೊಸ ಜಾಗಕ್ಕೆ ಹೋಗಿ ಕಾಯುತ್ತಿದೆ. ಬೆರಳಿಡದೆ ಮೀಟಬೇಕಾದ ಕಡೆಗಳನ್ನೆಲ್ಲ ಬಿಟ್ಟರು, ತಮಗೆ ಅಷ್ಟು ಪ್ರಿಯವಾದ ಆ ಒಂಟಿ ತಂತಿಯನ್ನೂ ಬಿಟ್ಟರು. ಊದಿಕೊಂಡ ಗೆಣ್ಣುಗಳಲ್ಲಿ, ಗೆರೆಯಿಲ್ಲದ ಕತ್ತಿನ ಮೇಲೆ, ಓಡುವ ಸ್ವರವನ್ನು ಹಿಡಿದು ಹಿಡಿದು ನಿಲ್ಲಿಸುತ್ತಿದ್ದರು. ಬಲಗೈ ಮಾತ್ರ ಏನೂ ಆಗಿಲ್ಲವೆಂಬಂತೆ ಬೀಳುತ್ತಿತ್ತು, ಅದೇ ಭಾರ, ಅದೇ ದುಂಡು. ಅಂಥ ವಾದನ ನಾನು ಮತ್ತೆ ಕೇಳಿಲ್ಲ.

"ನೋಡಿದ್ಯಾ, ಶ್ರುತಿ ನಿಲ್ತಾನೇ ಇಲ್ಲ. ನಾನಿಟ್ಟ ಹಾಗೇ ಬಿಟ್ಟಿದ್ರೆ ಆಗ್ತಿತ್ತು" ಎಂದರು ಅಧ್ಯಕ್ಷರು.

ಕೊನೆಗೆ ಒಂದು ಜೋಡಿಯ ಎರಡು ತಂತಿಗಳೇ ಒಂದನ್ನೊಂದು ಬಿಟ್ಟವು. ಒಂದೇ ಬೆರಳಿನ ಕೆಳಗೆ ಎರಡು ಸ್ವರವಾದರೆ ಎಂಥ ಕೈಯೂ ಏನೂ ಮಾಡಲಾರದು. ಮೇಷ್ಟ್ರು ಸ್ವರವಾಕ್ಯದ ಮಧ್ಯದಲ್ಲೇ ನಿಲ್ಲಿಸಿ, ಕಡ್ಡಿಯನ್ನು ಜೇಬಿಗೆ ಹಾಕಿ, ಎದ್ದು ಬಾಗಿ ನಮಸ್ಕರಿಸಿದರು. ಮುಗಿಯಿತೆಂದುಕೊಂಡು ಎಲ್ಲರೂ ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ಶಾಲು ಹೊದಿಸಿ, ಲಂಡನ್ನಿನ ಹವೆಗೆ ಇಂಥ ವಾದ್ಯಗಳಿಗೆ ಶ್ರುತಿ ನಿಲ್ಲುವುದು ಕಷ್ಟವೆಂದು ಮೈಕಿನಲ್ಲಿ ಸಮಾಧಾನ ಹೇಳಿದರು. ಅದಕ್ಕೂ ಚಪ್ಪಾಳೆ.

ಕಾರಿನಲ್ಲಿ ನಾನು ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಮೇಷ್ಟ್ರು ಮಡಿಲಲ್ಲಿ ಶಾಲನ್ನು ಮಡಚಿಟ್ಟುಕೊಂಡು ಕೂತಿದ್ದರು. "ಅವರ ಕಿವಿ ಒಳ್ಳೆಯದು. ತಮ್ಮ ರೀತಿಯಲ್ಲಿ ಬಹಳ ಸರಿಯಾಗಿ ಶ್ರುತಿ ಮಾಡಿದ್ದರು" ಎಂದರು.

"ನಿಮಗೆ ಸಿಟ್ಟು ಬರಲಿಲ್ಲವೇ?"

"ಬಂತು. ಬೆರಳು ಬಿಗಿಯಾಗುತ್ತದೆಂದು ನುಂಗಿಕೊಂಡೆ."

ಚಳಿಗಾಲದ ಹೊತ್ತಿಗೆ ಅವರ ಬೆರಳುಗಳು ಮಡಚಿಕೊಳ್ಳದಾದವು. ಈಗಲೂ ಶನಿವಾರ ಹೋಗುತ್ತೇನೆ. ನಾನು ಮೀಟುತ್ತೇನೆ, ಅವರು ಕುರ್ಚಿಯಲ್ಲಿ ಕೂತು ಬಯ್ಯುತ್ತಾರೆ.

ಹೋದ ತಿಂಗಳು ಟೂಟಿಂಗಿನ ಹೋಟೆಲೊಂದರಲ್ಲಿ ಸ್ನೇಹಿತರ ಮಗುವಿನ ನಾಮಕರಣದ ಊಟ. ಪಕ್ಕದ ಟೇಬಲಿನಲ್ಲಿ ಅಧ್ಯಕ್ಷರ ಸ್ವರ ಕೇಳಿಸಿತು. "ವೀಣೆ, ತಂಬೂರಿ ಬಿಡಿ, ನಾನು ಊದ್ ಕೂಡ ಟ್ಯೂನ್ ಮಾಡಿದೀನಿ" ಎಂದು ಕಥೆ ಹೇಳುತ್ತಿದ್ದರು, ಜನ ನಗುತ್ತಿದ್ದರು. ದೋಸೆಯನ್ನು ಅರ್ಧಕ್ಕೇ ಬಿಟ್ಟೆ. ಎದ್ದು ಹೋಗಿ ಅವರ ಕುರ್ಚಿಯ ಪಕ್ಕ ನಿಂತೆ.

"ಸಾರ್, ಅದು ಅವರ ಕೊನೇ ಕಛೇರಿ. ಆಮೇಲೆ ಅವರು ನುಡಿಸೇ ಇಲ್ಲ. ಇನ್ನು ನುಡಿಸೋದೂ ಇಲ್ಲ."

ಅಧ್ಯಕ್ಷರ ಮುಖ ಬಾಡಿತು. ಅವರು ಕೆಟ್ಟ ಮನುಷ್ಯರಲ್ಲ, ನಿಜವಾಗಿಯೂ ನೊಂದುಕೊಂಡರು. "ಛೆ, ನೀನು ಆವತ್ತೇ ಹೇಳಬಾರದಿತ್ತಾ?"

"ಹೇಳಿದ್ರೆ ಏನ್ಮಾಡ್ತಿದ್ರಿ?"

ಅವರು ಚಮಚ ಕೆಳಗಿಟ್ಟು ಪ್ರಾಮಾಣಿಕವಾಗಿ ಯೋಚಿಸಿದರು.

"ಇನ್ನೂ ಸ್ವಲ್ಪ ಹೊತ್ತು ಕೂತು ಇನ್ನೂ ಚೆನ್ನಾಗಿ ಶ್ರುತಿ ಮಾಡ್ತಿದ್ದೆ ಕಣಮ್ಮ."