ಸಿದ್ದಯ್ಯ ಕುರ್ಚಿ ಬಿಟ್ಟೆದ್ದ ಮೇಲೆ

ಅರಸೀಕೆರೆಯ ತಾಲ್ಲೂಕು ಕಚೇರಿಯಲ್ಲಿ ನಾನಾಗ ಹೊಸ ಗುಮಾಸ್ತ. ಜಾವಗಲ್ ಹತ್ತಿರದ ಊರಲ್ಲಿ ಹೊಲದ ಎಲ್ಲೆಕಲ್ಲು ಕಾಣೆಯಾಗಿ, ಅಣ್ಣತಮ್ಮಂದಿರಿಬ್ಬರು ಕುಡುಗೋಲು ಹಿಡಿದು ನಿಂತಿದ್ದರು. ಕಲ್ಲು ಎಲ್ಲಿತ್ತೆಂದು ಗೊತ್ತಿದ್ದದ್ದು ಎಂಬತ್ತು ದಾಟಿದ ಹಳೇ ತಳವಾರ ಸಿದ್ದಯ್ಯನಿಗೆ ಮಾತ್ರ. ಅವನ ಹೇಳಿಕೆ ಬರೆದುಕೊಳ್ಳಲು ನನ್ನನ್ನು ಕಳಿಸಿದ್ದರು.

ವಯಸ್ಸಾದ ಜೀವ ಅಂತ ಚಾವಡಿಯಲ್ಲಿ ಕುರ್ಚಿ ಹಾಕಿ ಕೂರಿಸಿದೆ. ಏನು ಕೇಳಿದರೂ ಮಿಕಮಿಕ ನೋಡಿದ. ಪಾಪ, ಅರಳುಮರಳು ಅಂತ ಬರೆಯಲು ಹೊರಟೆ.

"ಕೂತ್ರೆ ನಂಗೇನೂ ಗ್ಯಾಪಕ ಬರಾಕಿಲ್ಲ ಸ್ವಾಮಿ. ಈಗ್ಲೂ ದಿನಾ ಊರು ಸುತ್ತೋ ಕಾಲಿದು. ಎದ್ದು ಬನ್ನಿ," ಅಂದ.

ಹೊರಟ ನೋಡಿ! ಹಳ್ಳ, ಹುಣಸೆಮರ, ಯಾರ ಅಜ್ಜ ಯಾರಿಗೆ ಬಿಟ್ಟುಕೊಟ್ಟ ಹೊಲ, ಎಲ್ಲ ಹೆಜ್ಜೆಹೆಜ್ಜೆಗೂ ಬಾಯಿಗೆ ಬಂತು. ನಾನು ಏದುಸಿರು ಬಿಡುತ್ತಾ ಬರೆದುಕೊಂಡು ಹಿಂದೆ ಓಡಿದೆ; ಅಣ್ಣತಮ್ಮಂದಿರೂ ಬೆನ್ನಿಗೆ ಬಂದರು. ಒಂದು ಕಡೆ ನಿಂತು ಹಿಮ್ಮಡಿಯಿಂದ ನೆಲ ಗುದ್ದಿ, "ಇಲ್ಲಿ ಅಗೀರ್ಲಾ," ಅಂದ. ಮೊಳದಾಳದಲ್ಲಿ ಕಲ್ಲು ಸಿಕ್ಕಿತು. ಅಣ್ಣತಮ್ಮಂದಿರು ಕುಡುಗೋಲು ಕೆಳಗಿಟ್ಟರು. ನಾನು ಮನಸ್ಸಿನಲ್ಲೇ ಕೈಮುಗಿದೆ.

ಮೂವತ್ತು ವರ್ಷ ಕುರ್ಚಿ ಸವೆಸಿದ ನಾನೂ ಈಗ ಏನಾದರೂ ಮರೆತರೆ ಎದ್ದು ನಡೆಯುತ್ತೇನೆ. ಬೀದಿಯ ತುದಿ ಮುಟ್ಟುವಷ್ಟರಲ್ಲಿ ಯಾಕೆ ಎದ್ದೆ ಅನ್ನುವುದೇ ಮರೆತಿರುತ್ತದೆ.