ರೆಕ್ಕೆ ಹೊತ್ತ ಭಾನುವಾರಗಳು

ಮದುವೆಯಾದ ಇಪ್ಪತ್ತಾರು ವರ್ಷಗಳಲ್ಲಿ ನಾನು ನಮ್ಮ ಯಜಮಾನರಿಗೆ ಸುಳ್ಳು ಹೇಳಿದ್ದು ಕಡಿಮೆ. ಹೇಳಿದಾಗಲೂ ನಿಜವಾದ ಮಾತುಗಳನ್ನೇ ಬಳಸಿ ಹೇಳಿದ್ದೇನೆ. "ರೀ, ಭಾನುವಾರ ಚಿಂತಾಮಣಿ ಕಡೆ ಒಂದು ತರಬೇತಿ ಇದೆ" ಎಂದೆ. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಪ್ರೌಢಶಾಲೆಯ ವಿಜ್ಞಾನದ ಮೇಡಂ ತರಬೇತಿಗೆ ಹೊರಟರೆ ಯಾವ ತರಬೇತಿ ಎಂದು ಯಾರೂ ಕೇಳುವುದಿಲ್ಲ. ಸಹಿ ಹಾಕಿ, ಉಪ್ಪಿಟ್ಟು ತಿಂದು, ಮಧ್ಯಾಹ್ನದ ಮೇಲೆ ತೂಕಡಿಸಿ ಬರುವುದು ಎಂದು ಎಲ್ಲರಿಗೂ ಗೊತ್ತು. ಈ ಸಲದ ತರಬೇತಿಯಲ್ಲಿ ಮಾತ್ರ ತೂಕಡಿಸುವ ಅನುಕೂಲವಿರಲಿಲ್ಲ. ಅದು ಗುಡ್ಡದ ಮೇಲಿಂದ ಹ್ಯಾಂಗ್ ಗ್ಲೈಡರ್ ಹಿಡಿದು ಹಾರುವ ತರಬೇತಿ.

ಐವತ್ತೊಂದನೇ ವಯಸ್ಸಿಗೆ ಇದೇನು ಹುಚ್ಚು ಎಂದು ನೀವು ಕೇಳಬಹುದು. ಹೋದ ವರ್ಷ ನಮ್ಮ ಶಾಲೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ಎಡಗೈ ಮಣಿಕಟ್ಟು ಮುರಿದುಕೊಂಡೆ. ಮೂಳೆ ಕೂಡಿತು, ಭಾರ ಎತ್ತಬಹುದು ಎಂದು ಡಾಕ್ಟರೂ ಹೇಳಿದರು. ಕೂಡದೆ ಉಳಿದದ್ದು ಧೈರ್ಯ. ಎರಡು ಮೆಟ್ಟಿಲು ಕಂಡರೂ ಗೋಡೆ ಹಿಡಿದು ನಿಂತುಬಿಡುತ್ತಿದ್ದೆ. ಅದರ ಮೇಲೆ ಎಲ್ಲರ ಬಾಯಲ್ಲೂ ಒಂದೇ ಮಾತು, "ಹುಷಾರು ಮೇಡಂ, ಹುಷಾರು." ಎಲ್ಲರಿಗಿಂತ ಹೆಚ್ಚು ಹೇಳುತ್ತಿದ್ದವರು ನಮ್ಮ ಯಜಮಾನರು. ಶಿಡ್ಲಘಟ್ಟದಲ್ಲಿ ಅವರದು ರೇಷ್ಮೆಗೂಡಿನಿಂದ ನೂಲು ತೆಗೆಯುವ ಸಣ್ಣ ಘಟಕ. ಎಳೆ ತುಂಡಾಗದಂತೆ ನೋಡಿಕೊಳ್ಳುವುದೇ ಇಡೀ ದಿನದ ಕೆಲಸವಾಗಿರುವ ಮನುಷ್ಯ ಹೆಂಡತಿಯನ್ನೂ ಎಳೆಯಂತೆಯೇ ಹಿಡಿಯತೊಡಗಿದರು. ಹೊಸ್ತಿಲು ದಾಟುವಾಗಲೂ ನನ್ನ ಮೊಣಕೈ ಅವರ ಅಂಗೈಯಲ್ಲಿ. ಪ್ರೀತಿ ಎಂದು ಗೊತ್ತಿತ್ತು. ಆದರೆ ಪ್ರೀತಿಯಿಂದಲೂ ಉಸಿರು ಕಟ್ಟುವುದುಂಟು.

ಹೀಗಿರುವಾಗ ಒಂದು ಶನಿವಾರ ಅಂಬಾಜಿದುರ್ಗದ ಕಡೆ ಒಬ್ಬ ಸಹೋದ್ಯೋಗಿಯ ಮನೆಗೆ ಹೋಗುತ್ತಾ ಬಸ್ಸಿನ ಕಿಟಕಿಯಿಂದ ಒಂದು ಬೋಳುಗುಡ್ಡ ನೋಡಿದೆ. ಹೆಚ್ಚೆಂದರೆ ನಮ್ಮ ಶಾಲೆಯ ಮೂರು ಕಟ್ಟಡ ಒಂದರ ಮೇಲೊಂದು ಇಟ್ಟಷ್ಟು ಎತ್ತರ. ಅದರ ಇಳಿಜಾರಿನಲ್ಲಿ ಯಾರೋ ದೊಡ್ಡ ಕಿತ್ತಳೆ ಬಣ್ಣದ ರೆಕ್ಕೆಯೊಂದನ್ನು ಹೆಗಲ ಮೇಲೆ ಹೊತ್ತು ಓಡುತ್ತಿದ್ದರು. ನಾಲ್ಕು ಹೆಜ್ಜೆಯಾದ ಮೇಲೆ ರೆಕ್ಕೆಯೇ ಅವರನ್ನು ಹೊತ್ತಿತು. ಕಪ್ಪುಹಲಗೆಯ ಮೇಲೆ ರೆಕ್ಕೆಯ ಚಿತ್ರ ಬರೆದು, ಬಾಣ ಹಾಕಿ, 'ಗಾಳಿ ಹೀಗೆ ಮೇಲಕ್ಕೆತ್ತುತ್ತದೆ' ಎಂದು ಎಷ್ಟೋ ವರ್ಷದಿಂದ ಹೇಳುತ್ತಾ ಬಂದವಳು ನಾನು. ನಾನೇ ಹೇಳಿದ್ದು ನಿಜವೆಂದು ಅವತ್ತು ಮೊದಲ ಬಾರಿಗೆ ನಂಬಿಕೆ ಬಂತು. ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದಕ್ಕೆ ನಡೆದೆ.

ಅಲ್ಲಿ ಕಲಿಸುತ್ತಿದ್ದವರು ರಾಮರೆಡ್ಡಿ ಎಂಬ ನಿವೃತ್ತ ಸೈನಿಕರು. ಅಲ್ಲೇ ಪಕ್ಕದ ಹಳ್ಳಿಯವರು. ಕನ್ನಡದಲ್ಲಿ ಶುರುಮಾಡಿದ ಮಾತು ಸಿಟ್ಟು ಬಂದರೆ ತೆಲುಗಿಗೆ ಹೊರಳುತ್ತಿತ್ತು. ನನ್ನ ವಯಸ್ಸು ಕೇಳಲಿಲ್ಲ. ಮಣಿಕಟ್ಟನ್ನು ತಿರುಗಿಸಿ ನೋಡಿದರು, ಡಾಕ್ಟರು ಏನಂದರೆಂದು ವಿಚಾರಿಸಿದರು, ಕೊನೆಗೆ ಕೇಳಿದ್ದು ಒಂದೇ: "ಓಡ್ತೀರಾ?"

"ಓಡ್ತೀನಿ" ಎಂದೆ. ಅದು ಮಾತ್ರ ಶುದ್ಧ ಸುಳ್ಳು.

ಮೊದಲ ಭಾನುವಾರ ಬರೀ ನೆಲದ ಮೇಲಿನ ಪಾಠ. ಮೂವತ್ತು ಕಿಲೋ ತೂಗುವ ರೆಕ್ಕೆಯ ಕೆಳಗೆ ತ್ರಿಕೋನಾಕಾರದ ಕೊಳವೆಗಳ ಚೌಕಟ್ಟು. ಅದನ್ನು ಹೆಗಲಿಗೆ ಆನಿಸಿಕೊಂಡು, ರೆಕ್ಕೆಯ ಮೂತಿ ಏಳದಂತೆ ಬೀಳದಂತೆ ಹಿಡಿದು, ಬಯಲಿನಲ್ಲಿ ಓಡಬೇಕು. ಓಡಿದೆ, ಮುಗ್ಗರಿಸಿದೆ, ಎರಡೂ ಮಂಡಿ ತರಚಿತು. ಎರಡನೇ ಭಾನುವಾರ ಗಾಳಿ ಬೆನ್ನ ಕಡೆಯಿಂದ ಬೀಸುತ್ತಿತ್ತು. ಹಾರಬೇಕಾದರೆ ಗಾಳಿ ಮುಖಕ್ಕೆ ಬರಬೇಕು. ಇಡೀ ಬೆಳಗು ಕಡಲೆಕಾಯಿ ಸುಲಿಯುತ್ತಾ ಕೂತೆವು. 'ಗಾಳಿ ಬಂದಾಗ ತೂರಿಕೋ' ಎಂಬ ಗಾದೆ ನೆನಪಾಯಿತು. ಕಣದಲ್ಲಿ ತೂರುವಾಗ ಹಾರಿಹೋಗುವುದು ಜೊಳ್ಳು, ಕಾಲಬುಡದಲ್ಲಿ ಬೀಳುವುದು ಗಟ್ಟಿ ಕಾಳು. ಇಷ್ಟು ವರ್ಷ ಗಟ್ಟಿ ಕಾಳೆಂದು ಹೆಸರು ತೆಗೆದುಕೊಂಡ ನಾನು ಜೊಳ್ಳಾಗಲು ಇಷ್ಟು ಕಷ್ಟಪಡುತ್ತಿದ್ದೇನಲ್ಲ ಎಂದು ನಗು ಬಂತು.

ಇನ್ನೊಂದು ವಿಚಾರವೂ ಅಲ್ಲೇ ಹೊಳೆಯಿತು. ಕನ್ನಡದಲ್ಲಿ ಗೋಡೆ ಹಾರುವುದೂ ಹಾರುವುದೇ, ಹಕ್ಕಿ ಹಾರುವುದೂ ಹಾರುವುದೇ. ನೆಗೆತಕ್ಕೂ ಹಾರಾಟಕ್ಕೂ ನಮ್ಮ ಹಿರಿಯರು ಒಂದೇ ಮಾತು ಸಾಕೆಂದುಕೊಂಡರು. ಎರಡರ ನಡುವಿನ ಅಂತರವೆಲ್ಲ ನೆಲಕ್ಕೆ ಮರಳುವುದು ಎಷ್ಟು ತಡವಾಗುತ್ತದೆ ಎಂಬುದರಲ್ಲಿದೆ ಎಂದು ಅವರಿಗೆ ಗೊತ್ತಿದ್ದಿರಬೇಕು. ಇದನ್ನು ರಾಮರೆಡ್ಡಿಯವರಿಗೆ ಹೇಳಿದೆ. ಅವರು ಕಡಲೆಕಾಯಿ ಸಿಪ್ಪೆ ಊದುತ್ತಾ, "ನೀವು ಮೊದ್ಲು ನೆಗೀರಿ ಮೇಡಮ್ಮಾ, ಆಮೇಲೆ ವ್ಯಾಕರಣ ನೋಡಣ" ಎಂದರು.

ಮೂರನೇ ಭಾನುವಾರ ಗಾಳಿ ಸರಿಯಿತ್ತು, ನಾನು ಸರಿಯಿರಲಿಲ್ಲ. ಇಳಿಜಾರಿನಲ್ಲಿ ನಾಲ್ಕು ಸಲ ಓಡಿದೆ. ನಾಲ್ಕು ಸಲವೂ ಕಣ್ಣು ಕಾಲಿನ ಕಡೆಗೇ ಹೋಯಿತು. ಕೆಳಗೆ ನೋಡಿದರೆ ರೆಕ್ಕೆಯ ಮೂತಿಯೂ ಕೆಳಗೆ ಬೀಳುತ್ತದೆ. ಬಿದ್ದ ರೆಕ್ಕೆಯನ್ನು ಹೊತ್ತು ಮತ್ತೆ ಗುಡ್ಡ ಹತ್ತಬೇಕು. ರಾಮರೆಡ್ಡಿಯವರ ತಾಳ್ಮೆ ಮುಗಿಯಿತು. "ಏನಮ್ಮಾ ಇದು, ಹೆಣ್ಣು ನೋಡಾಕೆ ಬಂದೋರ ಮುಂದೆ ಕಾಫಿ ತಟ್ಟೆ ಹಿಡ್ಕಂಡು ಬರೋ ಹಂಗೆ ಬರ್ತೀರಲ್ಲ! ಪರುಗೆತ್ತಮ್ಮಾ, ಪರುಗೆತ್ತು!" ಓಡಮ್ಮಾ ಎಂದು ತೆಲುಗಿನಲ್ಲಿ ಅವರು ಕೂಗಿದ್ದಕ್ಕೆ ಕೆಳಗೆ ಮೇಯುತ್ತಿದ್ದ ಕುರಿಗಳು ಓಡಿದವು, ನಾನು ಓಡಲಿಲ್ಲ. ಮನೆಗೆ ಬಂದು ಸ್ನಾನ ಮಾಡಿ, ಹೊಟ್ಟೆತುಂಬ ಊಟ ಮಾಡಿ, ಮಂಡಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಲಗಿದೆ. ಯಜಮಾನರು ನನ್ನನ್ನೇ ನೋಡುತ್ತಿದ್ದರು.

ನಾಲ್ಕನೇ ಭಾನುವಾರ ಗುಡ್ಡದ ತುದಿಯಲ್ಲಿ ತಲೆಗೆ ಹೆಲ್ಮೆಟ್, ಸೊಂಟಕ್ಕೆ ತೊಡೆಗೆ ಪಟ್ಟಿಗಳನ್ನು ಬಿಗಿಸಿಕೊಂಡು ರೆಕ್ಕೆಗೆ ಕೊಂಡಿ ಹಾಕಿಸಿಕೊಂಡು ನಿಂತಿದ್ದೆ. ಕೆಳಗೆ ರಸ್ತೆಯಲ್ಲಿ ಒಂದು ಸ್ಕೂಟರ್ ನಿಂತಿತು. ಅದರಿಂದ ಇಳಿದವರ ನಡಿಗೆ ಕಂಡ ಕೂಡಲೇ ಯಾರೆಂದು ಗೊತ್ತಾಯಿತು.

"ರೆಡ್ಡಿಯವರೇ, ನಮ್ಮೆಜಮಾನ್ರು ಬಂದ್ರು! ಕೊಂಡಿ ಬಿಚ್ಚಿ!"

ಅವರು ಆ ಕಡೆ ನೋಡಲೂ ಇಲ್ಲ. ಗಾಳಿಯ ದಿಕ್ಕು ತಿಳಿಯಲೆಂದು ಕಡ್ಡಿಗೆ ಕಟ್ಟಿದ್ದ ಬಟ್ಟೆಯ ಚೂರು ಅಲುಗುವುದನ್ನೇ ನೋಡುತ್ತಿದ್ದರು. "ಗಂಡ ಆಮೇಲೂ ಇರ್ತಾರೆ ಮೇಡಮ್ಮಾ. ಈ ಗಾಳಿ ಇರಲ್ಲ. ದೂರ ನೋಡಿ, ಹೊರಡಿ."

ಸಿಕ್ಕಿಬಿದ್ದವರಿಗೆ ಒಂದು ವಿಚಿತ್ರ ಸ್ವಾತಂತ್ರ್ಯವಿರುತ್ತದೆ. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿಲ್ಲ ಎನ್ನಿಸಿದ ಮೇಲೆ ನನ್ನ ಕಾಲು ತಾನಾಗಿಯೇ ಎದ್ದಿತು. ಓಡಿದೆ. ಕಾಲಿನ ಕಡೆ ನೋಡಲಿಲ್ಲ, ದೂರದ ಬೆಟ್ಟದ ಬಂಡೆಯನ್ನು ನೋಡಿದೆ. ಐದನೇ ಹೆಜ್ಜೆಗೆ ಹೆಗಲ ಮೇಲಿನ ಭಾರ ಹೋಯಿತು. ಏಳನೇ ಹೆಜ್ಜೆಗೆ ನೆಲ ಸಿಗಲಿಲ್ಲ. ಕಾಲು ಖಾಲಿ ಗಾಳಿಯಲ್ಲಿ ಇನ್ನೂ ಓಡುತ್ತಲೇ ಇತ್ತು. ಆಳೆತ್ತರದಲ್ಲಿ, ಹುಲ್ಲಿನ ಮೇಲೆ ಜಾರಿಕೊಂಡಂತೆ, ಉಸಿರು ಬಿಗಿಹಿಡಿದು ಹೋದೆ. ಹತ್ತೆಣಿಸುವಷ್ಟು ಹೊತ್ತು ಇದ್ದಿರಬಹುದು. ಹಿಂದಿನಿಂದ ರೆಡ್ಡಿಯವರು "ತಳ್ಳಿ, ಈಗ ತಳ್ಳಿ!" ಎಂದರು. ಚೌಕಟ್ಟನ್ನು ಮುಂದಕ್ಕೆ ತಳ್ಳಿದೆ. ರೆಕ್ಕೆ ನಿಧಾನವಾಯಿತು, ಕಾಲಿಗೆ ನೆಲ ಸಿಕ್ಕಿತು, ಎರಡು ಹೆಜ್ಜೆ ಹಾಕಿ ಹುಲ್ಲಿನ ಮೇಲೆ ಕುಸಿದು ಕೂತೆ. ಮಣಿಕಟ್ಟು ತಿರುಗಿಸಿ ನೋಡಿದೆ. ಸರಿಯಾಗಿತ್ತು. ಅಬ್ಬ!

ಯಜಮಾನರು ಓಡಿ ಬಂದರು. ಬೈಗುಳಕ್ಕೆ ಸಿದ್ಧಳಾಗಿ ತಲೆ ತಗ್ಗಿಸಿದೆ. ಅವರು ನನ್ನ ಪಕ್ಕದಲ್ಲಿ ಕೂತು ಏದುಸಿರು ಬಿಡುತ್ತಾ, "ಇಷ್ಟೇನಾ?" ಎಂದರು.

ನಾನು ತಲೆ ಎತ್ತಿ ನೋಡಿದೆ.

"ಹಾರಾಕೆ ಬರ್ತಿದ್ದೆ, ಅಷ್ಟೇ ತಾನೇ? ಬೇರೆ ಏನೂ ಇಲ್ವಲ್ಲ?" ಅವರು ಬಗ್ಗಿ ನನ್ನ ಮುಖವನ್ನೇ ನೋಡಿದರು. "ಸ್ಕೂಲಿನಲ್ಲಿ ಕೇಳ್ದೆ, ಯಾವ ತರಬೇತೀನೂ ಇಲ್ಲ ಅಂದ್ರು. ಮೈಮೇಲೆ ಗಾಯ ಬೇರೆ. ಯಾವ್ದೋ ಆಸ್ಪತ್ರೆಗೆ ಹೋಗಿ ಬರ್ತಿದ್ದೀಯ ಅನ್ಕಂಡೆ ಕಣೇ. ನಮ್ಮಮ್ಮನ ಹಂಗೆ. ಅದಕ್ಕೇ ಇವತ್ತು ಬಸ್ಸಿನ ಹಿಂದೇನೇ ಬಂದೆ. ದಾರೀಲಿ ಬಸ್ಸು ಕಣ್ತಪ್ಪಿ, ಹುಡುಕ್ಕಂಡು ಬರೋಷ್ಟರಲ್ಲಿ ಇಷ್ಟೊತ್ತಾಯ್ತು."

ಆಗ ನನಗೆ ನೆನಪಾಯಿತು. ನಮ್ಮತ್ತೆ 'ನೆಂಟರ ಮನೆ' ಎಂದು ಹೇಳಿ ಬೆಂಗಳೂರಿನ ಆಸ್ಪತ್ರೆಗೆ ಹೋಗಿ ಬರುತ್ತಿದ್ದರು. ಮಗನಿಗೆ ಗೊತ್ತಾಗುವ ಹೊತ್ತಿಗೆ ಕಾಯಿಲೆ ಕೈಮೀರಿತ್ತು. ನನ್ನ ಜಾಣತನದ ನಿಜವಾದ ಮಾತುಗಳು ಈ ಮನುಷ್ಯನನ್ನು ವಾರಗಟ್ಟಲೆ ಯಾವ ಬಾವಿಯಲ್ಲಿ ಇಳಿಸಿದ್ದವು ಎಂದು ತಿಳಿದು ನಾಚಿಕೆಯಾಯಿತು. "ತಪ್ಪಾಯ್ತು ರೀ" ಎಂದೆ.

"ನೀನು ಓಡಿದ್ದು ನೋಡ್ದೆ ನೋಡು, ಆಗ್ಲೇ ಜೀವ ಬಂತು" ಎಂದರು. "ಕಾಯಿಲೆಯೋರು ಹಂಗೆ ಓಡಲ್ಲ."

"ಹಾರಿದ್ದು ಹೆಂಗಿತ್ತು ರೀ?"

ಅವರು ಹುಲ್ಲು ಕೀಳುತ್ತಾ, "ಕಾಲು ನೆಲ ಬಿಡ್ತಿದ್ದಂಗೆ ಕಣ್ಣು ಮುಚ್ಕಂಬಿಟ್ಟೆ" ಎಂದರು.

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಆಮೇಲೆ ಅವರೇ ರೆಕ್ಕೆಯ ಒಂದು ತುದಿ ಹಿಡಿದು ಗುಡ್ಡ ಹತ್ತಿಸಿದರು. "ಇನ್ನೊಂದು ಸಲ ಹೋಗು, ಈ ಸಲ ಕಣ್ಣು ಬಿಟ್ಕಂಡು ನೋಡ್ತೀನಿ" ಎಂದು ಕೆಳಗಿಳಿದು ನಿಂತರು. ನಾನು ಓಡಿದೆ. ಗಾಳಿ ಬಿದ್ದುಹೋಗಿತ್ತು. ರೆಕ್ಕೆ ಏಳಲೇ ಇಲ್ಲ. ಗುಡ್ಡದ ತುದಿಯಿಂದ ಬುಡದವರೆಗೆ ಅಷ್ಟೂ ದೂರ ಕಾಲಿನಲ್ಲೇ ಓಡಿ ಬಂದೆ. ರೆಡ್ಡಿಯವರು ತಲೆ ಚಚ್ಚಿಕೊಂಡರು. ಯಜಮಾನರು ಮಾತ್ರ ಕಣ್ಣರಳಿಸಿ ಚಪ್ಪಾಳೆ ತಟ್ಟುತ್ತಿದ್ದರು.

ಮಾರನೆಯ ದಿನ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ, ನನ್ನ ಹೆಂಡತಿ ತೆಂಗಿನಮರದಷ್ಟು ಎತ್ತರ ಹಾರಿದ್ದನ್ನು ಕಣ್ಣಾರೆ ಕಂಡೆ ಎಂದು ಅವರು ಎಲ್ಲರಿಗೂ ಹೇಳಿದರಂತೆ. ಸಂಜೆ ಅದೇ ಮಾತನ್ನು ನೆಂಟರಿಗೆ ಫೋನಿನಲ್ಲಿ ನನ್ನೆದುರಿಗೇ ಹೇಳಿದರು. ಇಪ್ಪತ್ತೈದು ವರ್ಷ ವಿಜ್ಞಾನ ಕಲಿಸಿದವಳು, ಅಳತೆ ತಪ್ಪಿದರೆ ಮಕ್ಕಳ ಒಂದು ಅಂಕ ಕಳೆಯುವವಳು. ತಿದ್ದಬೇಕಿತ್ತು. ಅವರ ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿ ಕೊಟ್ಟೆ.