ತಂಗಿ ಬರೆದ ಹಾಲಿನ ಪ್ರೋಗ್ರಾಮು

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ತಂಗಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ, ನಂಜನಗೂಡಿನ ಒಂದು ಬಾಡಿಗೆ ಕೋಣೆಯಲ್ಲಿ ಕೂತು ಹಳ್ಳಿಯ ಹಾಲಿನ ಡೈರಿಗಳಿಗೆ ಪ್ರೋಗ್ರಾಮು ಬರೆಯುತ್ತಿದ್ದಳು. ಯಾರ ಹಾಲು ಎಷ್ಟು ಎಂದು ಲೆಕ್ಕ ಇಡುವಂಥದ್ದು. ಅದರಿಂದಲೇ ಗೊಬ್ಬರದ ಅಂಗಡಿಗೊಂದು, ಅಕ್ಕಿ ಗಿರಣಿಗೊಂದು ಕವಲು ತೆಗೆದಿದ್ದಳು. ಬೈಕಿನಲ್ಲಿ ಊರೂರಿಗೆ ಹೋಗಿ ಹಾಕಿಕೊಟ್ಟು ಬರುವವನು ನಾನು.

ಪ್ರೋಗ್ರಾಮಿನ ಬುಡ ಒಂದೇ ಆದರೂ ಊರೂರಿನ ರೂಢಿ ಬೇರೆ. ಹಾಗಾಗಿ ಹೊಸದೇನೇ ಬರೆದರೂ ಮೊದಲು ಒಂದು ಊರಿನಲ್ಲಿ ಓಡಬೇಕು, ಆಮೇಲೆ ಅವಳೇ ಮಿಕ್ಕ ಊರುಗಳಿಗೆ ಹೊಂದಿಸಿ ಕೊಡಬೇಕು. "ಒಂದೂರಿಂದು ಇನ್ನೊಂದೂರಿಗೆ ಎತ್ತಾಕ್ಬ್ಯಾಡ ಕಣಣ್ಣ" ಎನ್ನುತ್ತಿದ್ದಳು.

ದೇವನೂರು ಕಡೆಯ ಒಂದು ಡೈರಿಯ ಪ್ರೋಗ್ರಾಮಿಗೆ ಅವಳು ದನಿ ಕೂಡಿಸಿದಳು. ಹಾಲು ಸುರಿದ ಕೂಡಲೇ ಮಿಷನ್ನು ಎಷ್ಟು ಲೀಟರೆಂದು ಕನ್ನಡದಲ್ಲಿ ಕೂಗುತ್ತಿತ್ತು. ಸುದ್ದಿ ಸೋಸಲೆ ಕಡೆಗೂ ಮುಟ್ಟಿತು. ಅಲ್ಲಿನ ಒಂದು ಡೈರಿಯ ಸೆಕ್ರೆಟರಿ ನನ್ನನ್ನು ಕಂಡವನೇ, "ಏನ್ಲಾ, ಅವರ್ ಮಿಷನ್ ಮಾತಾಡ್ತದಂತೆ, ನಮ್ದೇನ್ ಮೂಗನಾ?" ಎಂದ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಅವರೆದುರು ದೊಡ್ಡವನಾಗುವ ಆಸೆ ನನಗೆ. ಪೆನ್ ಡ್ರೈವಿನಲ್ಲಿದ್ದ ದೇವನೂರು ಕಡೆಯದನ್ನೇ ಹಾಕಿಬಿಟ್ಟೆ.

ಸೋಸಲೆ ಕಡೆಯ ಆ ಊರಿನಲ್ಲಿ ಮನೆ ಬೇರೆಯಾದ ಅತ್ತೆ ಸೊಸೆಯರೂ ಒಂದೇ ನಂಬರಿಗೆ ಹಾಲು ಹಾಕುತ್ತಾರೆ. ತಂಗಿ ಅವರಿಗೆಂದೇ ಆ ನಂಬರಿನೊಳಗೆ ಎರಡು ಪಾಲು ಮಾಡಿದ್ದಳು. ನಾನು ಹಾಕಿದ್ದರಲ್ಲಿ ಅದಿರಲಿಲ್ಲ. ಬಟವಾಡೆಯ ದಿನ ನೋಡಿದರೆ, ಗಂಡನಿಲ್ಲದ ಒಬ್ಬ ಸೊಸೆಯ ಹಾಲೆಲ್ಲ ಅತ್ತೆಯ ಪಾಲಾಗಿತ್ತು. "ಯಾಕ್ರಪ್ಪಾ, ನನ್ ಅಸ ಬತ್ತೋಗಿತ್ತಾ?" ಎಂದು ಆಕೆ ಬಾಗಿಲಲ್ಲೇ ಕೂತು ಅತ್ತಳು.

ಸುದ್ದಿ ಕೇಳಿ ಹೊರಟ ತಂಗಿ ಬಸ್ಸಿಳಿಯುವ ಮೊದಲೇ ನಾನು ಹಳೆಯ ಪ್ರೋಗ್ರಾಮನ್ನು ವಾಪಸು ಹಾಕಿದೆ. ಅವಳು ಬಂದು ತಡಕಿದಳು. ಪ್ರೋಗ್ರಾಮೆಲ್ಲ ಸರಿಯಾಗಿತ್ತು, ಬಟವಾಡೆಯ ಲೆಕ್ಕ ಮಾತ್ರ ತಪ್ಪಾಗಿತ್ತು. ದನಿಯದನ್ನೂ ಅವಳೇ ಕಳಿಸಿದ್ದೆಂದುಕೊಂಡಿದ್ದ ಸೆಕ್ರೆಟರಿ, "ಓದ್ದೋಳು ಅಂತ ನಂಬುದ್ವಲ್ಲವ್ವ" ಎಂದ. ತಂಗಿ ಆ ಹೆಂಗಸಿನ ಕೈ ಹಿಡಿದು, "ತಪ್ಪು ನಂದೇ ಅಕ್ಕ" ಎಂದಳು. ನಾನು ಬೈಕಿನ ಹತ್ತಿರ ನಿಂತಿದ್ದೆ.

ಇಲ್ಲದ ತಪ್ಪನ್ನು ಅವಳು ವಾರಗಟ್ಟಲೆ ಹುಡುಕಿದಳು. ಬರೆದದ್ದನ್ನೆಲ್ಲ ಮತ್ತೆ ಮತ್ತೆ ಓದುತ್ತಿದ್ದಳು, ಉಣ್ಣುವಾಗಲೂ ಕಣ್ಣು ಅಲ್ಲೇ. ಅಷ್ಟರಲ್ಲಿ ಆ ಡೈರಿ ಅವಳ ಪ್ರೋಗ್ರಾಮನ್ನು ಬಿಟ್ಟಿತು. ಮಿಕ್ಕ ಡೈರಿಗಳೂ ಬಿಟ್ಟವು. ಒಂದೇ ಬುಡದ್ದು ತಾನೇ ಎಂದು ಗೊಬ್ಬರದವರೂ ಗಿರಣಿಯವರೂ ಕೈಬಿಟ್ಟರು. ಕೋಣೆ ಖಾಲಿ ಮಾಡಿ ತಂಗಿ ಗಾರ್ಮೆಂಟ್ಸಿಗೆ ಸೇರಿದಳು.

ಹೋದ ತಿಂಗಳು ಟಿ. ನರಸೀಪುರದಲ್ಲಿ ಹೊಸದಾಗಿ ಡೈರಿ ತೆರೆದವರೊಬ್ಬರು ಅವಳನ್ನು ಕರೆಸಿ ಪ್ರೋಗ್ರಾಮು ಬರೆದುಕೊಡಲು ಕೇಳಿದರು; ಬೈಕಿನಲ್ಲಿ ಕರೆದೊಯ್ದವನು ನಾನೇ. "ನಂಗದು ಬರಾಕಿಲ್ಲ ಸಾ, ಒಂದ್ಸಲ ಮಾಡಿ ಕೆಡ್ಸಿದ್ದೀನಿ" ಎಂದಳು.

ವಾಪಸು ಬರುವಾಗ ದಾರಿಯಲ್ಲಿ ಬೈಕು ನಿಲ್ಲಿಸಿ ಎಲ್ಲ ಹೇಳಿದೆ. ಬಯ್ಯುತ್ತಾಳೆಂದುಕೊಂಡಿದ್ದೆ.

"ಅಂದ್ರೆ, ನಾನ್ ಬರ್ದಿದ್ದು ಸರಿಯಾಗೇ ಇತ್ತಾ?"

"ಇತ್ತು ಕಣವ್ವ."

ಅವಳು ಮತ್ತೆ ಬೈಕು ಹತ್ತಲಿಲ್ಲ. ಬಸ್ಸಿಗೆ ಬರುತ್ತೇನೆಂದು ಹೇಳಿ ಅಲ್ಲೇ ನಿಂತಳು.